ಐದು ತಲೆಮಾರಿನ ಹಿಂದೆ ಸ್ಕಾಟ್‌ಲೆಂಡಿನಿಂದ ಕೆನಡಾಕ್ಕೆ ಬಂದವರ ಊರು ಹುಡುಕುವುದು ಹೇಗೆ?

ಪ್ರಶ್ನೆ: ನಾನು ಬೈಲಹೊಂಗಲ ಕಡೆಯವಳು. ಮದುವೆಯಾಗಿ ಕೆನಡಾದ ಒಂಟಾರಿಯೊಗೆ ಬಂದು ಹದಿನಾರು ವರ್ಷವಾಯಿತು. ಗಂಡನ ಪೂರ್ವಿಕರು ಸ್ಕಾಟ್‌ಲೆಂಡಿನವರು, ಮನೆತನದ ಹೆಸರು ಮೆಕ್ಲೌಡ್. ನಮ್ಮ ತವರಿಗೆ ಹೆಳವರು ಬಂದರೆ ಏಳೆಂಟು ತಲೆಮಾರು ಪಟಪಟ ಹೇಳುತ್ತಿದ್ದರು. ಇದನ್ನು ಹನ್ನೆರಡು ವರ್ಷದ ಮಗಳಿಗೆ ಹೇಳಿದಾಗ, "ಅಪ್ಪನ ಕಡೆಯವರದ್ದು ಯಾರು ಹೇಳ್ತಾರೆ?" ಎಂದು ಕೇಳಿದಳು. ನಮ್ಮ ಮಾವನವರ ಸೋದರತ್ತೆಗೆ ಈಗ 91. ಅವರ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ. ಅದರ ಪ್ರಕಾರ, ಐದು ತಲೆಮಾರಿನ ಹಿಂದಿನ ಜಾನ್ ಮೆಕ್ಲೌಡ್ 1850ರ ಆಸುಪಾಸಿನಲ್ಲಿ ‘ಇನ್ವರ್ನೆಸ್’ನಿಂದ ಹೆಂಡತಿ ಮಕ್ಕಳ ಜೊತೆ ಹಡಗಿನಲ್ಲಿ ಬಂದು ಬ್ರೂಸ್ ಕೌಂಟಿಯ ರಿಪ್ಲಿ ಹತ್ತಿರ ಜಮೀನು ಮಾಡಿದರು. ಜಮೀನ್ದಾರ ಅವರನ್ನು ಮನೆಯಿಂದ ಹೊರಗೆ ಹಾಕಿದನಂತೆ. ಬಂದರಿನ ಅಧಿಕಾರಿ ಹೆಸರಿನ ಕಾಗುಣಿತ ಬದಲಿಸಿದನಂತೆ. ನಾವು ಮೆಕ್ಲೌಡ್ ಕುಲದ ನಾಯಕನ ರಕ್ತದವರಂತೆ. ಕೊನೇ ಪುಟದಲ್ಲಿ ‘ಇಯನ್ ಮುರ್ಡೋ ರೋರಿ’ ಎಂದು ಬರೆದಿದೆ, ಆ ಹೆಸರಿನವರು ಯಾರೂ ನಮಗೆ ಗೊತ್ತಿಲ್ಲ. ಎರಡು ವರ್ಷದಿಂದ ಹಡಗಿನ ಪಟ್ಟಿ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಮಗಳ ಡಿಎನ್‌ಎ ಪರೀಕ್ಷೆ ಮಾಡಿಸೋಣವೇ? ಒಂದು ಕಂಪನಿ ಮನೆತನದ ಲಾಂಛನದ ಸಮೇತ ವಂಶವೃಕ್ಷ ಮಾಡಿಕೊಡುತ್ತೇವೆ ಅನ್ನುತ್ತಿದೆ, ಕೊಡಬಹುದೇ? ಬರುವ ಬೇಸಿಗೆಯಲ್ಲಿ ಇನ್ವರ್ನೆಸ್‌ಗೆ ಹೋಗಬೇಕು ಅಂತಲೂ ಇದೆ.

ಉತ್ತರ: ನೀವು ಕೇಳಿರುವುದು ಹಲವು, ಆದರೆ ಎಲ್ಲದರ ಬೇರು ಒಂದೇ: ಜಾನ್ ಯಾವ ಊರಿನವರು? ಸ್ಕಾಟ್‌ಲೆಂಡಿನ ಹಳೇ ದಾಖಲೆಗಳೆಲ್ಲ ಪ್ಯಾರಿಷ್ ಪ್ರಕಾರ ಇವೆ. ಪ್ಯಾರಿಷ್ ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಬರುವ ಹಳ್ಳಿಗಳ ಗುಂಪು. ಪ್ಯಾರಿಷ್ ಗೊತ್ತಾಗದೆ ‘ಜಾನ್ ಮೆಕ್ಲೌಡ್’ ಎಂದು ಹುಡುಕಿದರೆ ಅದೇ ಹೆಸರಿನ ನೂರಾರು ಜನ ಎದುರಾಗುತ್ತಾರೆ. ಅವರಲ್ಲಿ ವಯಸ್ಸು ಹೊಂದುವ ಒಬ್ಬರನ್ನು ಆರಿಸಿಕೊಂಡು ‘ಸಿಕ್ಕರು’ ಅಂದುಕೊಳ್ಳುವುದೇ ನಾನು ಈ ಕೆಲಸದಲ್ಲಿ ಅತಿ ಜಾಸ್ತಿ ನೋಡುವ ತಪ್ಪು. ಆ ಊರಿನ ಸುಳಿವು ಸ್ಕಾಟ್‌ಲೆಂಡಿಗಿಂತ ಮೊದಲು ಕೆನಡಾದ ಕಾಗದಗಳಲ್ಲೇ ಇರುತ್ತದೆ. ನಿಮ್ಮ ವಿಷಯದಲ್ಲಂತೂ ಅರ್ಧ ಸುಳಿವು ನಿಮ್ಮ ಪತ್ರದಲ್ಲೇ ಇದೆ.

ಮೊದಲು ಹಡಗಿನ ಪಟ್ಟಿಯ ಮಾತು ಮುಗಿಸಿಬಿಡೋಣ. ನಿಮ್ಮ ಹುಡುಕಾಟದಲ್ಲಿ ಕೊರತೆ ಏನೂ ಇಲ್ಲ. 1865ಕ್ಕೂ ಮುಂಚೆ ಕೆನಡಾಕ್ಕೆ ಬಂದ ಪ್ರಯಾಣಿಕರ ಪಟ್ಟಿಗಳನ್ನು ಕಾದಿಡಬೇಕು ಎಂಬ ನಿಯಮವೇ ಇರಲಿಲ್ಲ. ಕ್ವಿಬೆಕ್ ಬಂದರಿನ ಪಟ್ಟಿಗಳು ಸಾಲಾಗಿ ಸಿಗುವುದು 1865ರಿಂದ. ಬ್ರಿಟನ್‌ನಿಂದ ಹೊರಟವರ ಪಟ್ಟಿಗಳು ಉಳಿದಿರುವುದು 1890ರ ನಂತರದವು. ಸ್ಕಾಟ್‌ಲೆಂಡಿನಿಂದ ಕೆನಡಾಕ್ಕೆ ಹೋಗುವುದೆಂದರೆ ಒಂದೇ ಸಾಮ್ರಾಜ್ಯದೊಳಗೆ ಜಾಗ ಬದಲಿಸಿದಂತೆ ಆಗಿತ್ತು. 1947ರವರೆಗೆ ಕೆನಡಾಕ್ಕೆ ಪ್ರತ್ಯೇಕ ಪೌರತ್ವ ಕಾನೂನು ಇರಲಿಲ್ಲ. ಹಾಗಾಗಿ ಅಮೆರಿಕಕ್ಕೆ ಹೋದವರ ಮನೆಯಲ್ಲಿ ಸಿಗುವ ಪೌರತ್ವದ ಅರ್ಜಿ ಇಲ್ಲಿ ಸಿಗುವುದಿಲ್ಲ. ಜಾನ್ 1923ರಲ್ಲಿ ಲೂಯಿಸ್ ದ್ವೀಪದ ಸ್ಟಾರ್ನೋವೇ ಬಂದರಿನಿಂದ ‘ಮೆಟಗಾಮ’ ಹಡಗು ಹತ್ತಿದ ಸುಮಾರು 300 ಯುವಜನರಲ್ಲಿ ಒಬ್ಬರಾಗಿದ್ದರೆ ಹೆಸರು, ವಯಸ್ಸು, ಕಸುಬು ಎಲ್ಲ ಪಟ್ಟಿಯಲ್ಲೇ ಸಿಗುತ್ತಿತ್ತು. 1850ರವರ ವಿಷಯದಲ್ಲಿ ಪಟ್ಟಿ ಸಿಕ್ಕರೆ ಅದೃಷ್ಟ. ಸಿಕ್ಕರೂ ಎಷ್ಟೋ ಪಟ್ಟಿಗಳಲ್ಲಿ ‘ಜಾನ್ ಮೆಕ್ಲೌಡ್, ಕೂಲಿ’ ಎನ್ನುವುದಕ್ಕಿಂತ ಹೆಚ್ಚಿನದೇನೂ ಇರುವುದಿಲ್ಲ. ಅದನ್ನು ಬಿಟ್ಟುಬಿಡಿ.

ಬಂದರಿನ ಅಧಿಕಾರಿ ಹೆಸರು ಬದಲಿಸಿದ ಕಥೆಯೂ ಅಷ್ಟೇ. ಕೆನಡಾದಲ್ಲಿ, ಅಮೆರಿಕದಲ್ಲಿ ಎಲ್ಲರ ಮನೆಯಲ್ಲೂ ಈ ಕಥೆ ಇದೆ. ಪಟ್ಟಿ ತಯಾರಾಗುತ್ತಿದ್ದದ್ದು ಹಡಗು ಹೊರಡುವ ಕಡೆ. ಇಳಿಯುವ ಕಡೆ ಯಾರೂ ಹೊಸ ಹೆಸರು ಕೊಡುತ್ತಿರಲಿಲ್ಲ. ಆ ಕಾಲದಲ್ಲಿ ಕಾಗುಣಿತವೇ ಗಟ್ಟಿಯಾಗಿರಲಿಲ್ಲ. ಗೇಲಿಕ್ (ಆ ದ್ವೀಪಗಳ ಜನರ ಭಾಷೆ) ಮಾತಾಡುವ, ಇಂಗ್ಲಿಷ್ ಬರೆಯಲು ಬಾರದ ಒಬ್ಬರ ಹೆಸರನ್ನು ಪಾದ್ರಿ ಒಂದು ಥರ, ಜನಗಣತಿಯವನು ಇನ್ನೊಂದು ಥರ, ಶಾಲೆಯ ಮೇಷ್ಟ್ರು ಮತ್ತೊಂದು ಥರ ಬರೆದರು. ‘ಮ್ಯಾಕ್’ ಇದ್ದರೆ ಸ್ಕಾಟಿಷ್, ‘ಮಕ್’ ಇದ್ದರೆ ಐರಿಷ್ ಎನ್ನುವುದಕ್ಕೂ ಆಧಾರವಿಲ್ಲ, ಎರಡೂ ಕಡೆ ಎರಡೂ ರೂಪ ಇವೆ. ನೀವು ಹುಡುಕುವಾಗ ಎಲ್ಲ ಕಾಗುಣಿತವನ್ನೂ ಹಾಕಿ ನೋಡಿ, ಅಷ್ಟು ಸಾಕು.

ಈಗ ಇನ್ವರ್ನೆಸ್. ನೀವು ಇನ್ವರ್ನೆಸ್ ಎಂದರೆ ಪಟ್ಟಣ ಅಂದುಕೊಂಡಿದ್ದೀರಿ. ಆದರೆ ಅದು ಕೌಂಟಿಯ, ಅಂದರೆ ಜಿಲ್ಲೆಯ, ಹೆಸರೂ ಹೌದು, ಮತ್ತು ಆ ಕೌಂಟಿ ಬಹಳ ದೊಡ್ಡದು. ಪಶ್ಚಿಮದ ಸ್ಕೈ, ಹ್ಯಾರಿಸ್, ಉತ್ತರ ಊಯಿಸ್ಟ್, ದಕ್ಷಿಣ ಊಯಿಸ್ಟ್, ಬಾರಾ ದ್ವೀಪಗಳೆಲ್ಲ ಅದರಲ್ಲೇ ಇದ್ದವು. ದ್ವೀಪದ ಜನ ಕೆನಡಾದಲ್ಲಿ ‘ಇನ್ವರ್ನೆಸ್‌ನವರು’ ಎಂದು ಬರೆಸಿದರೆ ಇನ್ವರ್ನೆಸ್ ಪಟ್ಟಣವನ್ನು ಕಣ್ಣಾರೆ ಕಂಡೇ ಇರಲಿಲ್ಲ ಎನ್ನುವ ಸಾಧ್ಯತೆಯೂ ಇದೆ. ಇಷ್ಟು ಸಾಲದು ಎಂಬಂತೆ ನೋವಾ ಸ್ಕೋಶಿಯಾದ ಕೇಪ್ ಬ್ರೆಟನ್‌ನಲ್ಲೂ ಇನ್ವರ್ನೆಸ್ ಎಂಬ ಕೌಂಟಿ ಇದೆ. ಅಲ್ಲಿಂದ ಒಂಟಾರಿಯೊಗೆ ಬಂದವರೂ ಉಂಟು.

ನನ್ನ ಗಮನ ಸೆಳೆದದ್ದು ರಿಪ್ಲಿ ಎಂಬ ಊರು. ರಿಪ್ಲಿ ಇರುವುದು ಬ್ರೂಸ್ ಕೌಂಟಿಯ ಹ್ಯೂರಾನ್ ಟೌನ್‌ಶಿಪ್‌ನಲ್ಲಿ. 1852ರ ಸುಮಾರಿಗೆ ಅಲ್ಲಿ ನೆಲೆ ನಿಂತದ್ದು ಲೂಯಿಸ್ ದ್ವೀಪದ ಕುಟುಂಬಗಳ ಒಂದು ದೊಡ್ಡ ಗುಂಪು. ಲೂಯಿಸ್ ಮತ್ತು ಹ್ಯಾರಿಸ್ ಒಂದೇ ನೆಲ, ನಡುವೆ ಸಮುದ್ರವಿಲ್ಲ. ಆದರೆ ಲೂಯಿಸ್ ಇದ್ದದ್ದು ರಾಸ್ ಕೌಂಟಿಯಲ್ಲಿ, ಹ್ಯಾರಿಸ್ ಇನ್ವರ್ನೆಸ್ ಕೌಂಟಿಯಲ್ಲಿ. ಮೆಕ್ಲೌಡ್ ಎರಡೂ ಕಡೆ ತುಂಬಾ ಇರುವ ಹೆಸರು. ಹಾಗಾಗಿ ನಾನಾಗಿದ್ದರೆ ಮೊದಲು ಲೂಯಿಸ್, ಆಮೇಲೆ ಹ್ಯಾರಿಸ್ ನೋಡುತ್ತೇನೆ. ಪಟ್ಟಣವನ್ನು ಕೊನೆಗೆ ಇಡುತ್ತೇನೆ.

ಲೂಯಿಸ್ ಆಗಿದ್ದರೆ ‘ಜಮೀನ್ದಾರ ಹೊರಗೆ ಹಾಕಿದ’ ಎಂಬ ಮಾತಿಗೂ ಬಲ ಬರುತ್ತದೆ. 1844ರಲ್ಲಿ ಇಡೀ ದ್ವೀಪವನ್ನು ಜೇಮ್ಸ್ ಮ್ಯಾಥಿಸನ್ ಎಂಬ ವ್ಯಾಪಾರಿ ಕೊಂಡರು. ಕಲ್ಕತ್ತಾದಲ್ಲಿ ವ್ಯಾಪಾರ ಶುರು ಮಾಡಿ, ಚೀನಾಕ್ಕೆ ಅಫೀಮು ಮಾರಿ ಶ್ರೀಮಂತರಾದವರು ಅವರು. ಆ ಅಫೀಮು ಬೆಳೆದದ್ದು ಬಿಹಾರ, ಮಾಳ್ವದ ಹೊಲಗಳಲ್ಲಿ. 1846ರಿಂದ ಆಲೂಗಡ್ಡೆಗೆ ರೋಗ ಬಿದ್ದು ದ್ವೀಪದ ಜನರ ಮುಖ್ಯ ಆಹಾರವೇ ಹೋಯಿತು. ಗೇಣಿ ಬಾಕಿ ಏರಿತು. 1851ರಲ್ಲಿ ಮ್ಯಾಥಿಸನ್ ಅವರ ಎಸ್ಟೇಟ್ ಮ್ಯಾನೇಜರ್ ಹಳ್ಳಿ ಹಳ್ಳಿ ತಿರುಗಿ, ಬಾಕಿ ಉಳಿಸಿಕೊಂಡ ಕುಟುಂಬಗಳಲ್ಲಿ ಯಾರನ್ನು ಕಳಿಸಬೇಕು ಎಂದು ಪಟ್ಟಿ ಮಾಡಿದರು. ಅವರ ಆ ವರ್ಷದ ದಿನಚರಿ ಇಂದಿಗೂ ಓದಲು ಸಿಗುತ್ತದೆ. 1851ರಿಂದ 1855ರವರೆಗೆ 2,300ಕ್ಕೂ ಹೆಚ್ಚು ಜನ ಹೀಗೆ ಲೂಯಿಸ್‌ನಿಂದ ಕೆನಡಾಕ್ಕೆ ಹೋದರು. ಹಡಗಿನ ಖರ್ಚು ಎಸ್ಟೇಟಿನದು, ಬಾಕಿಯೂ ಮನ್ನಾ. ಕಾಗದದ ಮೇಲೆ ಇದು ನೆರವು. ಆದರೆ ಒಲ್ಲೆ ಎಂದವರಿಗೆ ಹೊಲ ಉಳಿಯುವ ಭರವಸೆ ಇರಲಿಲ್ಲ. ನಿಮ್ಮ ಮನೆಯ ಕಥೆಯಲ್ಲಿ ‘ಹೊರಗೆ ಹಾಕಿದರು’ ಎಂಬ ಮಾತು ಉಳಿದಿದ್ದರೆ ಅದನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಒಂದು ಮಾತು ಮಾತ್ರ ಹೇಳಬೇಕು. ಸ್ಕಾಟ್‌ಲೆಂಡಿನಿಂದ ಹೋದವರೆಲ್ಲ ಹೀಗೆ ಒಕ್ಕಲೆಬ್ಬಿಸಿಕೊಂಡು ಹೋದವರಲ್ಲ. 1820ರ ಸುಮಾರಿಗೆ ಒಂಟಾರಿಯೊದ ಲ್ಯಾನಾರ್ಕ್ ಕಡೆಗೆ ಬಂದವರಲ್ಲಿ ಕೆಲಸವಿಲ್ಲದ ಕೈಮಗ್ಗದ ನೇಕಾರರು ಬಹಳ. ಆರ್ಕ್ನಿ ದ್ವೀಪದ ಹುಡುಗರು ಹಡ್ಸನ್ಸ್ ಬೇ ಕಂಪನಿಯ ನೌಕರಿಗೆ ಬಂದರು. 1870ರ ನಂತರ ಗ್ಲಾಸ್ಗೋ ಹತ್ತಿರದ ಕ್ವಾರಿಯರ್ ಅನಾಥಾಲಯದಿಂದಲೇ ಸಾವಿರಾರು ಮಕ್ಕಳನ್ನು ಕೆನಡಾದ ಹೊಲಗಳಿಗೆ ಕಳಿಸಿದರು. ಇಪ್ಪತ್ತನೇ ಶತಮಾನದಲ್ಲಿ ತಾವಾಗಿಯೇ ಟಿಕೆಟ್ ಕೊಂಡು ಹೋದವರು ಎಷ್ಟು ಮಂದಿ ಎಂದರೆ, 1921 ಮತ್ತು 1931ರ ಜನಗಣತಿಗಳ ನಡುವೆ ಸ್ಕಾಟ್‌ಲೆಂಡಿನ ಜನಸಂಖ್ಯೆಯೇ ಕಡಿಮೆಯಾಯಿತು. ಒಬ್ಬೊಬ್ಬರ ದಾಖಲೆ ಒಂದೊಂದು ಕಡೆ ಇರುವುದರಿಂದ ಯಾವ ಅಲೆಯಲ್ಲಿ ಬಂದರು ಎಂದು ತಿಳಿಯುವುದು ಮುಖ್ಯ.

ಇನ್ನು ‘ಇಯನ್ ಮುರ್ಡೋ ರೋರಿ’. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವ ಸಾಲು ಇದು. ಇವರು ಗೊತ್ತಿಲ್ಲದ ಮೂರು ಜನ ಅಲ್ಲ. ಬಹುಶಃ ನಿಮ್ಮ ಜಾನ್ ಅವರೇ. ದ್ವೀಪಗಳಲ್ಲಿ ಒಂದೇ ಹಳ್ಳಿಯಲ್ಲಿ ನಾಲ್ಕೈದು ಜಾನ್ ಮೆಕ್ಲೌಡ್ ಇದ್ದರೆ ಮನೆತನದ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಅವನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಸೇರಿಸಿ ಕರೆಯುತ್ತಿದ್ದರು. ಇಯನ್ ಎಂದರೆ ಇಂಗ್ಲಿಷ್ ದಾಖಲೆಯಲ್ಲಿ ಜಾನ್. ರೋರಿ ಎಂದರೆ ರೋಡರಿಕ್. ಅಂದರೆ ರೋಡರಿಕ್ ಮಗ ಮುರ್ಡೋ, ಮುರ್ಡೋ ಮಗ ಜಾನ್. ನಿಮ್ಮ ತವರಿನ ಹೆಳವರು ಓದುತ್ತಿದ್ದದ್ದೂ ಇಂಥದ್ದೇ ಸಾಲು, ಅಲ್ವಾ? ಹೀಗೆ ವಂಶವನ್ನು ಬಾಯಲ್ಲಿ ಇಟ್ಟುಕೊಂಡವರು ಗೇಲಿಕ್ ಊರುಗಳಲ್ಲೂ ಇದ್ದರು. ಸೋದರತ್ತೆಯವರ ನೋಟ್‌ಬುಕ್‌ಗೆ ಅದರ ಒಂದು ತುಣುಕು ಬಂದು ಸೇರಿದೆ.

ಇದು ನನ್ನ ಊಹೆ, ಪುರಾವೆ ಅಲ್ಲ. ಪರೀಕ್ಷಿಸಲು ಒಂದು ದಾರಿ ಇದೆ. ಸ್ಕಾಟಿಷ್ ಕುಟುಂಬಗಳಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವ ರೂಢಿ ಬಲವಾಗಿತ್ತು. ಮೊದಲ ಮಗಳಿಗೆ ಅಮ್ಮನ ಅಮ್ಮನ ಹೆಸರು. ಎಲ್ಲರೂ ತಪ್ಪದೆ ಪಾಲಿಸಿದರು ಅಂತಲ್ಲ. ಆದರೆ ಜಾನ್ ಅವರ ದೊಡ್ಡ ಮಗನ ಹೆಸರು ಮುರ್ಡೋ ಅಥವಾ ಮುರ್ಡಾಕ್ ಆಗಿದ್ದರೆ ನನ್ನ ಊಹೆ ಸರಿ ಇರುವ ಸಾಧ್ಯತೆ ಬಹಳ ಹೆಚ್ಚು.

ಅದನ್ನು ನೋಡುವುದು ಎಲ್ಲಿ? 1861ರ ಕೆನಡಾ ಜನಗಣತಿಯಲ್ಲಿ. ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಹ್ಯೂರಾನ್ ಟೌನ್‌ಶಿಪ್‌ನಲ್ಲಿ ಆ ಮನೆಯನ್ನು ಹುಡುಕಿ, ಮಕ್ಕಳು ಹುಟ್ಟಿದ ಜಾಗದ ಕಾಲಮ್ಮನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ. ದೊಡ್ಡವರೆಲ್ಲ ಸ್ಕಾಟ್‌ಲೆಂಡ್, ಒಂದು ಹಂತದಿಂದ ಮುಂದೆ ಎಲ್ಲರೂ ‘ಅಪ್ಪರ್ ಕೆನಡಾ’, ಅಂದರೆ ಇಂದಿನ ಒಂಟಾರಿಯೊ. ಉದಾಹರಣೆಗೆ, ಹತ್ತು ವರ್ಷದ ಮಗು ಸ್ಕಾಟ್‌ಲೆಂಡಿನಲ್ಲಿ, ಎಂಟು ವರ್ಷದ್ದು ಕೆನಡಾದಲ್ಲಿ ಹುಟ್ಟಿದ್ದರೆ ಬಂದ ವರ್ಷ 1850ರಿಂದ 1853ರ ನಡುವೆ ಎಂದು ಗೊತ್ತಾಯಿತು. ಹಡಗಿನ ಪಟ್ಟಿ ಕೊಡುವ ಉತ್ತರಕ್ಕೆ ಇದು ಬಹಳ ಹತ್ತಿರ. ಆಮೇಲೆ 1901ರ ಜನಗಣತಿ ನೋಡಿ. ಮಗುವಾಗಿ ಬಂದವರು ಆಗ ಐವತ್ತರ ಆಸುಪಾಸಿನಲ್ಲಿ ಇರುತ್ತಾರೆ. ಅದರಲ್ಲಿ ಹುಟ್ಟಿದ ದಿನಾಂಕ, ವಲಸೆ ಬಂದ ವರ್ಷ, ಮಾತೃಭಾಷೆ ಎಲ್ಲಕ್ಕೂ ಕಾಲಮ್ ಇದೆ. ಗೇಲಿಕ್ ಎಂದು ಬರೆದಿದ್ದರೆ ಅದೂ ಒಂದು ಸುಳಿವು.

ಈಗ ಸ್ಕಾಟ್‌ಲೆಂಡಿನ 1851ರ ಜನಗಣತಿಗೆ ಹೋಗಿ. ಅದು ನಡೆದದ್ದು ಮಾರ್ಚ್ 30ರಂದು, ಅಂದರೆ ಆ ವರ್ಷದ ಹಡಗುಗಳು ಬೇಸಿಗೆಯಲ್ಲಿ ಹೊರಡುವ ಮೊದಲು. ಜಾನ್ ಅದರ ನಂತರ ಹೊರಟಿದ್ದರೆ ಅವರ ಇಡೀ ಮನೆ, ಹಳ್ಳಿಯ ಹೆಸರಿನ ಸಮೇತ, ಅಲ್ಲಿ ಇರಬೇಕು. ಒಬ್ಬ ಜಾನ್‌ನನ್ನು ಹುಡುಕಬೇಡಿ, ಆ ಮನೆಯನ್ನು ಹುಡುಕಿ. ಜಾನ್, ಹೆಂಡತಿ, ಮಕ್ಕಳು, ಅದೇ ಹೆಸರುಗಳು, ಅದೇ ಕ್ರಮ. ಇಲ್ಲಿ ಒಂದು ಸೂಕ್ಷ್ಮ ಇದೆ. 1861ರ ಕೆನಡಾ ಗಣತಿಯಲ್ಲಿ ಕೇಳಿದ್ದು ‘ಮುಂದಿನ ಹುಟ್ಟುಹಬ್ಬಕ್ಕೆ ಎಷ್ಟು ವಯಸ್ಸು’ ಎಂದು. ಹಾಗಾಗಿ 1851ರಲ್ಲಿ 30 ಇದ್ದವರು ಅಲ್ಲಿ 40 ಅಥವಾ 41 ಎಂದಿರಬಹುದು, 6ರ ಮಗು 16 ಅಥವಾ 17. ಒಂದು ವರ್ಷ ಹೆಚ್ಚಾಯಿತು ಎಂದು ಸರಿಯಾದ ಮನೆಯನ್ನು ಕೈಬಿಡಬೇಡಿ. ಐದು ಹೆಸರು ಹೊಂದಿದರೆ ಅದೇ ಮನೆ ಎನ್ನಲು ಧೈರ್ಯ ಬರುತ್ತದೆ. ಬರೀ ಎರಡು ಹೆಸರು ಹೊಂದಿದರೆ ಸುಮ್ನೆ ಒಪ್ಪಿಕೊಳ್ಳಬೇಡಿ.

ಇದರ ಜೊತೆಗೆ ಒಂಟಾರಿಯೊದ 1858ರಿಂದ 1869ರವರೆಗಿನ ಕೌಂಟಿ ಮದುವೆ ರಿಜಿಸ್ಟರ್‌ಗಳಿವೆ. ವಧೂವರರ ತಂದೆ ತಾಯಿಯ ಹೆಸರು ಅದರಲ್ಲಿದೆ. ಜಾನ್ ಅವರ ದೊಡ್ಡ ಮಕ್ಕಳು, ಅವರ ತಮ್ಮ ತಂಗಿಯರು ಯಾರಾದರೂ ಆ ಕಾಲದಲ್ಲಿ ಮದುವೆಯಾಗಿರಬಹುದು. ರಿಪ್ಲಿ ಸುತ್ತಮುತ್ತಲಿನ ಸಮಾಧಿ ಕಲ್ಲುಗಳನ್ನು ಖಂಡಿತ ನೋಡಿ. ದ್ವೀಪದವರು ಸತ್ತಾಗ ‘ಇಂಥ ಪ್ಯಾರಿಷ್‌ನಲ್ಲಿ ಹುಟ್ಟಿದವರು’ ಎಂದು ಕೆತ್ತಿಸುವುದು ಸಾಮಾನ್ಯವಾಗಿತ್ತು. ಜಾನ್ ಅವರ ಕಲ್ಲಿನ ಮೇಲೆ ಇಲ್ಲದಿದ್ದರೆ ಪಕ್ಕದ ಹೊಲದವರ ಕಲ್ಲು ಓದಿ. ಒಂದೇ ಹಳ್ಳಿಯವರು ಅಕ್ಕಪಕ್ಕದಲ್ಲೇ ಜಮೀನು ಹಿಡಿಯುತ್ತಿದ್ದರು.

ಸ್ಕಾಟ್‌ಲೆಂಡಿನ ಸರ್ಕಾರಿ ದಾಖಲೆಗಳು ‘ಸ್ಕಾಟ್‌ಲೆಂಡ್ಸ್ ಪೀಪಲ್’ ವೆಬ್‌ಸೈಟಿನಲ್ಲಿವೆ. ಹೆಸರು ಹುಡುಕಲು ಬಹುಪಾಲು ದುಡ್ಡು ಬೇಡ, ಮೂಲ ಪುಟದ ಚಿತ್ರ ತೆರೆಯಲು ಕ್ರೆಡಿಟ್ ಕೊಳ್ಳಬೇಕು. ಜಾನ್ ಅವರ ಜನನದ ದಾಖಲೆ ಸಿಗದೇ ಹೋಗಬಹುದು, ಅದಕ್ಕೆ ಸಿದ್ಧರಿರಿ. ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಅದಕ್ಕೂ ಹಿಂದಿನದು ಚರ್ಚಿನ ದೀಕ್ಷಾಸ್ನಾನದ ಪುಸ್ತಕ. ಲೂಯಿಸ್‌ನ ಹೆಚ್ಚಿನ ಪ್ಯಾರಿಷ್‌ಗಳಲ್ಲಿ ಆ ಪುಸ್ತಕ ಶುರುವಾಗುವುದೇ 1810ರ ನಂತರ. ಲಾಕ್ಸ್ ಪ್ಯಾರಿಷ್‌ನಲ್ಲಂತೂ 1831ರಿಂದ. 1843ರಲ್ಲಿ ಚರ್ಚ್ ಒಡೆದಾಗ ದ್ವೀಪದ ಬಹುತೇಕ ಜನ ಫ್ರೀ ಚರ್ಚ್ ಎಂಬ ಹೊಸ ಪಂಗಡಕ್ಕೆ ಹೋದರು, ಹಾಗಾಗಿ ಆಮೇಲೆ ಹುಟ್ಟಿದ ಮಕ್ಕಳ ಹೆಸರು ಹಳೇ ಚರ್ಚಿನ ಪುಸ್ತಕದಲ್ಲಿ ಇಲ್ಲದಿರಬಹುದು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಹೋದವರ ಹಿಂದೆ ಬೀಳಬೇಡಿ, ಊರಲ್ಲೇ ಉಳಿದವರನ್ನು ಹಿಡಿಯಿರಿ. ಜಾನ್ ಅವರ ಅಣ್ಣನೋ ತಂಗಿಯೋ ದ್ವೀಪದಲ್ಲೇ ಉಳಿದು 1855ರ ನಂತರ ತೀರಿಕೊಂಡಿದ್ದರೆ, ಅವರ ಮರಣ ಪತ್ರದಲ್ಲಿ ಅಪ್ಪನ ಹೆಸರೂ ಅಮ್ಮನ ಹೆಸರೂ ಇರುತ್ತದೆ. ಅಮ್ಮನ ತವರಿನ ಹೆಸರೂ ಇರುತ್ತದೆ. ಸ್ಕಾಟ್‌ಲೆಂಡಿನ ದಾಖಲೆಗಳ ದೊಡ್ಡ ಉಪಕಾರ ಇದು. ಇಂಗ್ಲೆಂಡಿನ ಆ ಕಾಲದ ಮರಣ ಪತ್ರದಲ್ಲಿ ಇಷ್ಟು ಮಾಹಿತಿ ಇಲ್ಲ. 1780ರಲ್ಲಿ ಹುಟ್ಟಿದವರ ತಂದೆ ತಾಯಿಯ ಹೆಸರನ್ನು 1860ರ ಮರಣ ಪತ್ರದಿಂದ ಪಡೆಯಬಹುದು. ಅಂದರೆ 1851ರಲ್ಲಿ ಜಾನ್ ಅವರ ಪಕ್ಕದ ಮನೆಯಲ್ಲಿ ಮುರ್ಡೋ ಎಂಬ ಮುದುಕರಿದ್ದು 1855ರ ನಂತರ ತೀರಿಕೊಂಡಿದ್ದರೆ, ಅವರ ಅಪ್ಪ ರೋಡರಿಕ್ ಹೌದೋ ಅಲ್ಲವೋ ಎಂದು ಒಂದೇ ಪುಟದಲ್ಲಿ ತಿಳಿಯುತ್ತದೆ. ಮಾಹಿತಿ ಹೇಳಿದವರು ಮಗನೋ, ಅಳಿಯನೋ, ನೆರೆಯವನೋ ಎಂದೂ ನೋಡಿ. ನೆರೆಯವನಾದರೆ ತಪ್ಪಿರಲು ಜಾಗ ಹೆಚ್ಚು.

ಕುಲದ ನಾಯಕನ ರಕ್ತದ ಬಗ್ಗೆ ಮಗಳಿಗೆ ಹೇಳುವ ಮುಂಚೆ ಸ್ವಲ್ಪ ತಡೆಯಿರಿ. ನಾಯಕನ ನೆಲದಲ್ಲಿ ಬಾಳಿದ ರೈತರು, ಆಶ್ರಯ ಪಡೆದವರು ಅವನ ಹೆಸರನ್ನೇ ಇಟ್ಟುಕೊಂಡರು. ಹೆಸರು ಒಂದೇ ಆದ ಮಾತ್ರಕ್ಕೆ ರಕ್ತ ಒಂದೇ ಆಗಬೇಕಿಲ್ಲ. ಅದೂ ಅಲ್ಲದೆ ಮೆಕ್ಲೌಡ್ ನಾಯಕರ ಡನ್‌ವೇಗನ್ ಕೋಟೆ ಇರುವುದು ಸ್ಕೈ ದ್ವೀಪದಲ್ಲಿ. ಲೂಯಿಸ್‌ನ ಮೆಕ್ಲೌಡ್ ಶಾಖೆಯೇ ಬೇರೆ, ಅವರು 1600ರ ನಂತರದ ಹೊತ್ತಿಗೆ ದ್ವೀಪವನ್ನು ಮೆಕೆಂಜಿ ಎಂಬ ಇನ್ನೊಂದು ಕುಲದವರಿಗೆ ಕಳೆದುಕೊಂಡರು. ಲಾಂಛನದ ಕಂಪನಿಗೆ ಒಂದು ಡಾಲರೂ ಕೊಡಬೇಡಿ. ಸ್ಕಾಟಿಷ್ ಕಾನೂನಿನಲ್ಲಿ ‘ಮನೆತನದ ಲಾಂಛನ’ ಎಂಬುದೇ ಇಲ್ಲ. ಲಾಂಛನ ಒಬ್ಬ ವ್ಯಕ್ತಿಯ ಸ್ವತ್ತು, ಅದನ್ನು ಕೊಡುವುದು ಎಡಿನ್‌ಬರ್ಗ್‌ನ ಲಾರ್ಡ್ ಲಯನ್ ನ್ಯಾಯಾಲಯ. ದುಡ್ಡು ಕೊಟ್ಟೇ ಮಾಡಿಸಬೇಕೆಂದರೆ ಸ್ಕಾಟಿಷ್ ದಾಖಲೆಗಳಲ್ಲಿ ಪಳಗಿದ ಸಂಶೋಧಕರನ್ನು ಗಂಟೆಯ ಲೆಕ್ಕದಲ್ಲಿ ಗೊತ್ತು ಮಾಡಿ. ಯಾವ ಪುಸ್ತಕ ನೋಡಿದರು, ಏನು ಸಿಗಲಿಲ್ಲ ಎಂದೂ ಬರೆದುಕೊಡಬೇಕು ಎಂದು ಮೊದಲೇ ಕೇಳಿ. ಸಿಗದ್ದನ್ನು ಹೇಳದವರು ಬೇಡ. ಇಂಟರ್‌ನೆಟ್ಟಿನಲ್ಲಿ ಬೇರೆಯವರು ಹಾಕಿದ ವಂಶವೃಕ್ಷಗಳನ್ನು ಸುಳಿವಿನಂತೆ ನೋಡಿ, ನಕಲು ಮಾಡಬೇಡಿ. ಒಬ್ಬರ ತಪ್ಪನ್ನು ನೂರು ಜನ ಎತ್ತಿಕೊಂಡಿರುತ್ತಾರೆ.

ಡಿಎನ್‌ಎ ವಿಷಯಕ್ಕೆ ಬಂದರೆ, ಮಗಳದ್ದು ಬೇಡ. ಅವಳಲ್ಲಿ ಅರ್ಧ ನಿಮ್ಮದು. ಉಳಿದ ಅರ್ಧದಲ್ಲಿ ಜಾನ್ ಅವರಿಂದ ಬಂದದ್ದು ತೀರಾ ಸ್ವಲ್ಪ. ಪರೀಕ್ಷೆ ಮಾಡಿಸಿದರೆ 91ರ ಸೋದರತ್ತೆಯವರದ್ದು ಮಾಡಿಸಿ, ಅವರಿಗೆ ಮನಸ್ಸಿದ್ದರೆ. ಜಾನ್ ಸೋದರತ್ತೆಯವರಿಗೆ ಮುತ್ತಜ್ಜ ಆಗುತ್ತಾರೆ. ಜಾನ್ ಅವರ ಅಣ್ಣ ತಮ್ಮಂದಿರ ಮರಿಮಕ್ಕಳು ದ್ವೀಪದಲ್ಲಿದ್ದು ಪರೀಕ್ಷೆ ಮಾಡಿಸಿದ್ದರೆ ಅವರಿಗೆ ಹೊಂದುವ ಸಾಧ್ಯತೆ ಸುಮಾರು 90 ಪ್ರತಿಶತ. ಎರಡೂ ಕಡೆ ಇನ್ನೊಂದು ತಲೆಮಾರು ಕೆಳಗಿಳಿದರೆ ಅದು ಸುಮಾರು ಅರ್ಧಕ್ಕೆ ಬರುತ್ತದೆ. ‘ಇಷ್ಟು ಪ್ರತಿಶತ ಸ್ಕಾಟಿಷ್’ ಎಂಬ ಬಣ್ಣದ ನಕ್ಷೆಯಿಂದ ಊರು ತಿಳಿಯುವುದಿಲ್ಲ, ನಿಮಗೆ ಬೇಕಾದದ್ದು ಹೊಂದುವವರ ಪಟ್ಟಿ. ಆ ಪಟ್ಟಿಯನ್ನೂ ಎಚ್ಚರದಿಂದ ಓದಿ. ದ್ವೀಪಗಳಲ್ಲಿ ತಲೆಮಾರುಗಟ್ಟಲೆ ಅಕ್ಕಪಕ್ಕದ ಹಳ್ಳಿಗಳಲ್ಲೇ ಮದುವೆ ಆದದ್ದರಿಂದ ದೂರದ ನೆಂಟರೂ ಹತ್ತಿರದವರಂತೆ ಕಾಣುತ್ತಾರೆ.

ಅಪಾಯ ಇಲ್ಲವೆಂದಲ್ಲ. 2023ರಲ್ಲಿ ಇಂಥ ಒಂದು ದೊಡ್ಡ ಕಂಪನಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಹೋಯಿತು. ಮತ್ತೊಂದು ವಿಷಯವನ್ನು ಮನೆಯವರೆಲ್ಲ ಕೂತು ಮೊದಲೇ ಮಾತಾಡಬೇಕು. ಕಾಗದದ ಮೇಲೆ ಅಪ್ಪ ಎಂದಿರುವವರು ಅಪ್ಪ ಅಲ್ಲ ಎಂದು ಪರೀಕ್ಷೆ ಹೇಳಿದರೆ? ಅಂಥ ಸುದ್ದಿಯನ್ನು 91ರ ವಯಸ್ಸಿನಲ್ಲಿ ಕೇಳಲು ಅವರು ಸಿದ್ಧರಿದ್ದಾರೆಯೇ? ಸ್ವಲ್ಪ ಹಿಂಜರಿದರೂ ಒತ್ತಾಯ ಬೇಡ. ಅವರು ಬಾಯಲ್ಲಿ ಹೇಳುವುದನ್ನು ಈ ವಾರವೇ ರೆಕಾರ್ಡ್ ಮಾಡಿ, ನೋಟ್‌ಬುಕ್‌ನ ಪ್ರತಿ ಪುಟದ ಫೋಟೋ ತೆಗೆಯಿರಿ. ‘ಇಯನ್ ಮುರ್ಡೋ ರೋರಿ’ ಬರೆದ ಪುಟದ ಹಿಂಭಾಗವನ್ನೂ ಬಿಡಬೇಡಿ. ಅದನ್ನು ಯಾರ ಬಾಯಿಂದ ಕೇಳಿ ಬರೆದರು ಎಂದು ಕೇಳಿ.

ಪ್ರವಾಸದ ಟಿಕೆಟ್ ಇನ್ನೂ ತೆಗೆದಿಲ್ಲ ತಾನೇ? 1861 ಮತ್ತು 1851ರ ಮನೆಗಳು ಹೊಂದುವವರೆಗೆ ತೆಗೆಯಬೇಡಿ. ಲೂಯಿಸ್ ಎಂದು ಖಚಿತವಾದರೆ ಇನ್ವರ್ನೆಸ್ ನಿಮಗೆ ದಾರಿಯಲ್ಲಿ ಸಿಗುವ ಪಟ್ಟಣ ಅಷ್ಟೇ. ಅಲ್ಲಿಂದ ಉಲ್ಲಾಪುಲ್‌ಗೆ ಹೋಗಿ ಸ್ಟಾರ್ನೋವೇಗೆ ಫೆರಿ ಹಿಡಿಯಬೇಕು. ಹ್ಯಾರಿಸ್‌ನ ನಾರ್ಟನ್ ಹಳ್ಳಿಯಲ್ಲಿ ‘ಷಲ್ಲಮ್’ ಎಂಬ ಕೇಂದ್ರವಿದೆ, ಹೊರಗಿನ ಹೆಬ್ರಿಡೀಸ್ ದ್ವೀಪಗಳ ಕುಟುಂಬಗಳ ವಂಶಾವಳಿಯನ್ನು ಹಳ್ಳಿವಾರು ಕೂಡಿಸಿಟ್ಟ ಜಾಗ ಅದು. ಹೊರಡುವ ಮುಂಚೆಯೇ ಹಳ್ಳಿಯ ಹೆಸರು, ಮನೆಯವರ ಹೆಸರು, ವಯಸ್ಸು ಬರೆದು ಅವರಿಗೆ ಕಳಿಸಿ. ಭಾನುವಾರ ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಆ ದ್ವೀಪದಲ್ಲಿ ಅದು ಚರ್ಚಿನ ದಿನ, ಬಹುತೇಕ ಎಲ್ಲ ಮುಚ್ಚಿರುತ್ತದೆ.